ಖಾಲಿ ಮಾಡಬಾರದ ಕೊಳ

ಬುಧವಾರ ಬೆಳಿಗ್ಗೆ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದೆ. ಮನೆಯಲ್ಲಿದ್ದ ಮೂರೂ ಫೋನುಗಳು ಒಟ್ಟಿಗೆ ಕಿರುಚಿಕೊಂಡವು. ಶುಕ್ರವಾರ ಮಧ್ಯಾಹ್ನ ನಮ್ಮೂರಿನ ಮೇಲೆ ಆಕಾಶದಲ್ಲಿ ಒಂದು ನದಿ ಹಾದು ಹೋಗಲಿದೆ, ಸಿದ್ಧರಾಗಿರಿ ಎಂದು ಪರದೆಯ ಮೇಲೆ ಬರೆದಿತ್ತು. ಎರಡು ಸಲ ಓದಿಕೊಂಡೆ. ಆಮೇಲೆ ಬಾಗಿಲು ತೆರೆದು ಹಿತ್ತಲಿಗೆ ಹೋಗಿ ಮೇಲೆ ನೋಡಿದೆ. ಬಿಸಿಲು ಹೊಳೆಯುತ್ತಿತ್ತು, ಒಂದು ಮೋಡವೂ ಇರಲಿಲ್ಲ.

ಇಲ್ಲಿನವರು ಅದನ್ನು ಅಟ್ಮಾಸ್ಫೆರಿಕ್ ರಿವರ್ ಎನ್ನುತ್ತಾರೆ. ಸಮುದ್ರದ ಮೇಲಿನ ತೇವವೆಲ್ಲ ಉದ್ದನೆಯ ಪಟ್ಟಿಯಾಗಿ ಗಾಳಿಯಲ್ಲಿ ಹರಿದು ಬಂದು ಕರಾವಳಿಯ ಗುಡ್ಡಗಳಿಗೆ ತಾಗಿ ಸುರಿಯುತ್ತದಂತೆ. ನಾನು ಗದಗಿನವಳು. ನೆಲದ ಮೇಲೆ ಹರಿಯುವ ಹೊಳೆಯನ್ನು ನೋಡಬೇಕೆಂದರೂ ನಮಗೆ ಬಸ್ಸು ಹತ್ತಬೇಕಿತ್ತು. ಇಲ್ಲಿ ನೋಡಿದರೆ ಹೊಳೆಯೇ ದಿನಾಂಕ, ಹೊತ್ತು ಎರಡನ್ನೂ ತಿಳಿಸಿ ಮನೆಗೆ ಬರುತ್ತದೆ. ಇಂಥ ಮರ್ಯಾದೆ ನಮಗೆ ಊರಿನಲ್ಲಿ ನಲ್ಲಿಯವನಿಂದಲೂ ಸಿಕ್ಕಿರಲಿಲ್ಲ.

ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದಂಡೆಯ ಯೂನಿಯನ್ ಸಿಟಿಯಲ್ಲಿ. ಮೊದಲ ಎರಡು ವರ್ಷ ಬೆರ್ರಿಯೆಸಾ ಎಂಬ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಯಜಮಾನರು ಬಸವರಾಜ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಮಗಳು ಪಲ್ಲವಿಗೆ ಹದಿಮೂರು. ನಾನು ಶೈಲಾ, ಗದಗಿನಲ್ಲಿ ಹೈಸ್ಕೂಲಿನ ಗಣಿತದ ಟೀಚರಾಗಿದ್ದೆ, ಹುಡುಗರು ನನ್ನ ಚಪ್ಪಲಿ ಸದ್ದು ಕೇಳಿದರೆ ಸುಮ್ಮನಾಗುತ್ತಿದ್ದರು. ಇಲ್ಲಿ ಡೇಕೇರಿನಲ್ಲಿ ಎರಡು ವರ್ಷದ ಮಕ್ಕಳ ಮೂಗು ಒರೆಸುತ್ತೇನೆ. ಅವು ನನ್ನ ಸದ್ದು ಕೇಳಿದರೆ ಇನ್ನೂ ಜೋರಾಗಿ ಅಳುತ್ತವೆ.

ಅಪಾರ್ಟ್‌ಮೆಂಟಿನಲ್ಲಿದ್ದಾಗ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಚಾವಣಿಗೆ ಕೋಲಿನಿಂದ ಕುಟ್ಟುತ್ತಿದ್ದರು. ನಾನು ರೊಟ್ಟಿ ಬಿಟ್ಟು ಚಪಾತಿಗೆ ಇಳಿದೆ. ದಿನವಿಡೀ ಮಾತಿಲ್ಲ. ಗ್ರೋಸರಿ ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವ ಹುಡುಗಿ "ಹೇಗಿದ್ದೀರಿ" ಎಂದರೆ ನಿಜವಾಗಿ ಹೇಗಿದ್ದೇನೆ ಎಂದು ಹೇಳಲು ಶುರು ಮಾಡುತ್ತಿದ್ದೆ. ಹಿಂದೆ ನಿಂತವರು ಕೆಮ್ಮುವವರೆಗೆ ನನಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಈ ಮನೆ ಸಿಕ್ಕಿತು. ಮನೆಯ ಒಡತಿ ಲೋರ್ನಾ. ಫಿಲಿಪೀನ್ಸಿನಿಂದ ನಲವತ್ತು ವರ್ಷದ ಹಿಂದೆ ನರ್ಸ್ ಆಗಿ ಬಂದವರು, ಈಗ ಎಪ್ಪತ್ತು ದಾಟಿದೆ, ಗಂಡ ತೀರಿಕೊಂಡಿದ್ದಾರೆ. ದೊಡ್ಡ ಮನೆಯನ್ನು ಬಾಡಿಗೆಗೆ ಕೊಟ್ಟು ಅದೇ ಹಿತ್ತಲಿನ ಮೂಲೆಯಲ್ಲಿ ಒಂದು ಕೋಣೆಯ ಪುಟ್ಟ ಮನೆಯಲ್ಲಿ ತಾವು ಇರುತ್ತಾರೆ. ಎರಡು ಮನೆಗಳ ನಡುವೆ ನೀಲಿ ಈಜುಕೊಳ. ಮನೆ ನೋಡಲು ಹೋದ ದಿನ ಅವರು ಬೇರೇನೂ ವಿಚಾರಿಸಲಿಲ್ಲ. ಕೊಳದ ಕಡೆ ಕೈ ತೋರಿಸಿ ಕೇಳಿದ್ದು ಇಷ್ಟೇ. ಅವರ ಇಂಗ್ಲಿಷನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಈಜು ಬರುತ್ತಾ?"

"ಇಲ್ಲ."

"ನೀರು ನೋಡಿಕೊಳ್ಳೋಕೆ ಬರುತ್ತಾ?"

"ಜಗತ್ತಿನಲ್ಲಿ ನನಗೆ ಚೆನ್ನಾಗಿ ಬರೋದು ಅದೊಂದೇ" ಎಂದೆ.

ಜಂಬ ಕೊಚ್ಚಿದ್ದಲ್ಲ. ನಮ್ಮೂರಲ್ಲಿ ನಲ್ಲಿ ನೀರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ನೀರು ಬಿಡುವ ದಿನ ಮದುವೆಗೂ ಹೋಗುತ್ತಿರಲಿಲ್ಲ, ಹೋದರೂ ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಓಡಿ ಬರುತ್ತಿದ್ದೆವು. ಬ್ಯಾರಲ್ಲು, ಹಂಡೆ, ಕೊಡ, ಬಕೆಟ್ಟು, ಕೊನೆಗೆ ಪುಟಾಣಿ ತಂಬಿಗೆ, ಎಲ್ಲವೂ ಸಾಲಾಗಿ ನಿಲ್ಲಬೇಕು. ಇದರಲ್ಲಿ ನಮ್ಮ ಅವ್ವನ ಕಟ್ಟುನಿಟ್ಟು ಒಂದೇ. ಹೊಸ ನೀರು ಬರುವ ಮುಂಚೆ ಹಳೇ ನೀರು ಪೂರ್ತಿ ಖಾಲಿಯಾಗಬೇಕು, ತಳ ತಿಕ್ಕಿ ತೊಳೆದಿರಬೇಕು. ಹಳೇ ನೀರಿನ ಮೇಲೆ ಹೊಸ ನೀರು ಹಿಡಿಯುವವರನ್ನು ಅವ್ವ ಹೆಂಗಸರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅಂಗಳದ ತೊಟ್ಟಿಯನ್ನೂ ಹೀಗೆಯೇ ಬರಿದು ಮಾಡಿ, ತೆಂಗಿನ ನಾರಿನಿಂದ ಉಜ್ಜಿ, ಮಾಳಿಗೆಯ ನೀರು ಅದರೊಳಕ್ಕೆ ಬೀಳುವಂತೆ ಪೈಪು ಕಟ್ಟುತ್ತಿದ್ದೆವು. ನನ್ನ ಪಾಲಿಗೆ ಒಂದು ಹಿತ್ತಾಳೆ ಕೊಡವಿತ್ತು. ಅಮೇರಿಕಕ್ಕೆ ಹೊರಟಾಗ ಅಣ್ಣನ ಮನೆಯಲ್ಲಿರುವ ಅವ್ವನ ಕೈಗೆ ಅದನ್ನು ಕೊಟ್ಟು, ಯಾರಿಗೂ ಕೊಡಬೇಡ, ನಾಲ್ಕು ವರ್ಷಕ್ಕೆ ಬರುತ್ತೇನೆ ಎಂದಿದ್ದೆ. ಈಗ ಆರನೆಯ ವರ್ಷ ನಡೆಯುತ್ತಿದೆ.

ಅಂಥವಳಿಗೆ ಈ ಕೊಳ. ಮೊದಲ ತಿಂಗಳು ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಕುಡಿಯುವುದಿಲ್ಲ, ಅಡುಗೆಗಿಲ್ಲ, ಗಿಡಕ್ಕೂ ಹಾಕುವಂತಿಲ್ಲ, ಕ್ಲೋರಿನ್ ಇದೆ. ಅಷ್ಟು ನೀರನ್ನು ಬಯಲಲ್ಲಿ ಬಿಟ್ಟು ಈ ಜನ ನಿಶ್ಚಿಂತೆಯಿಂದ ಮಲಗುತ್ತಾರಲ್ಲ! ವಿಡಿಯೋದಲ್ಲಿ ತೋರಿಸಿದಾಗ ಅವ್ವ ಫೋನಿಗೆ ಮುಖ ಹತ್ತಿರ ತಂದಳು. ಆಮೇಲೆ, "ಮುಚ್ಚಳ ಇಲ್ಲೇನ ಅದಕ್ಕ?" ಎಂದಳು.

ಆದರೆ ಆ ನೀರಿನ ಸೇವೆ ನನಗೂ ಲೋರ್ನಾ ಅವರಿಗೂ ಗಂಟು ಹಾಕಿತು, ಅದನ್ನು ಬಿಗಿ ಮಾಡಿದ್ದು ರೊಟ್ಟಿ. ಹೊಸ ಮನೆಯಲ್ಲಿ ಧೈರ್ಯ ಮಾಡಿ ರೊಟ್ಟಿ ಬಡಿದ ದಿನ ಅವರು ಬಾಗಿಲು ತಟ್ಟಿದರು. ಬೈಯಲು ಬಂದರೆಂದುಕೊಂಡೆ. "ಏನಾದರೂ ಮುರಿದಿದೆಯಾ? ಸುತ್ತಿಗೆ ತರಲಾ?" ಎಂದರು. ಕೂರಿಸಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕೊಟ್ಟೆ. ಮಾರನೆಯ ದಿನ ಒಂದು ಬೋಗುಣಿ ತುಂಬ ಅವರ ಕಡೆಯ ಶಾವಿಗೆ ತಂದರು, ಅದರಲ್ಲಿ ಸಿಗಡಿ ಇಣುಕುತ್ತಿತ್ತು. ನಾವು ತಿನ್ನುವುದಿಲ್ಲ ಎಂದಾಗ ಬೇಸರಿಸದೆ, ಅದರ ಮರುದಿನ ಬರೀ ತರಕಾರಿ ಹಾಕಿ ಮತ್ತೆ ಮಾಡಿ ತಂದರು. ಅಂದಿನಿಂದ ಅವರು ನಮಗೆ ತೀತಾ, ಅವರ ಭಾಷೆಯಲ್ಲಿ ಚಿಕ್ಕಮ್ಮ ಎಂದರ್ಥ. ನಾನು ಅವರಿಗೆ ಅನಾಕ್, ಎಂದರೆ ಮಗು. ನಲವತ್ತಾರು ವರ್ಷದ ನನ್ನನ್ನು ಮಗು ಎನ್ನುವವರು ಈ ಖಂಡದಲ್ಲಿ ಅವರೊಬ್ಬರೇ.

ತೀತಾ ಇಲ್ಲಿನ ಚಳಿಗಾಲದ ಮಳೆಯನ್ನು ಹರಿಕೇನ್ ಸೀಸನ್ ಎಂದೇ ಕರೆಯುತ್ತಾರೆ. ಅವರ ಊರು ವರ್ಷಕ್ಕೆ ಹಲವು ಸಲ ಚಂಡಮಾರುತ ಕಂಡ ಊರು, ಅದಕ್ಕೆ ಅಲ್ಲಿ ಬಗ್ಯೊ ಎನ್ನುತ್ತಾರಂತೆ. ಹರಿಕೇನು ಬರುವುದು ಈ ದೇಶದ ಆಚೆ ದಂಡೆಗೆ, ನಮಗಲ್ಲ ಎಂದು ಪಲ್ಲವಿ ತಿದ್ದಿದರೆ, "ಗಾಳಿಯ ಹೆಸರು ಕೇಳಿಕೊಂಡು ಯಾರಾದರೂ ಕಿಟಕಿ ಹಾಕುತ್ತಾರಾ?" ಎನ್ನುತ್ತಾರೆ.

ಈ ಸಲ ಆ ನದಿ ಬರುವ ಹೊತ್ತಿಗೆ ತೀತಾ ಮನೆಯಲ್ಲಿರಲಿಲ್ಲ. ಮಂಡಿಯ ಆಪರೇಷನ್ ಆಗಿ ಆರೈಕೆ ಕೇಂದ್ರದಲ್ಲಿದ್ದರು. ಹೋಗುವ ಮುಂಚೆ ಒಂದು ಸಂಗತಿಯನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅವರ ಮಗ ದೂರದ ಊರಿನಲ್ಲಿದ್ದಾನೆ. ಈ ವಯಸ್ಸಿನಲ್ಲಿ ಕೊಳ ಯಾರು ನೋಡಿಕೊಳ್ಳುತ್ತಾರೆ, ಮಣ್ಣು ತುಂಬಿಸಿ ಮನೆ ಮಾರಿಬಿಡು ಎಂದು ಅವನ ಹಟ. "ಒಂದು ಚಳಿಗಾಲ ಕೊಡು, ಶೈಲಾ ನೋಡಿಕೊಳ್ಳುತ್ತಾಳೆ ಅಂದಿದ್ದೀನಿ. ಕೊಳ ಸರಿಯಾಗಿದ್ದರೆ ನಾನೂ ಇಲ್ಲೇ, ನೀವೂ ಇಲ್ಲೇ. ಏನಾದರೂ ಎಡವಟ್ಟಾದರೆ ಅವನ ಮಾತೇ ನಡೆಯುತ್ತೆ, ಅನಾಕ್." ಹೀಗೆಂದು ಒಂದು ಹಳೆಯ ನೋಟ್‌ಬುಕ್ಕು ನನ್ನ ಕೈಗಿಟ್ಟರು. ಮಳೆಗೆ ಮುಂಚೆ ಕೊಳಕ್ಕೆ ಮಾಡಬೇಕಾದ ಕೆಲಸಗಳನ್ನು ಅವರ ಗಂಡ ಅದರಲ್ಲಿ ಬರೆದಿಟ್ಟಿದ್ದರು. ಕೆಳಗೆ ತೀತಾ ತಮ್ಮ ಭಾಷೆಯಲ್ಲಿ ಏನೇನೋ ಸೇರಿಸಿದ್ದರು.

ಸತ್ಯ ಹೇಳುತ್ತೇನೆ, ಆ ನೋಟ್‌ಬುಕ್ಕು ಹಿಡಿದುಕೊಂಡಾಗ ನನಗೆ ಹೆಡ್‌ಮಿಸ್ ಆದಷ್ಟು ಹೆಮ್ಮೆಯಾಯಿತು. ಈ ದೇಶಕ್ಕೆ ಬಂದ ಮೇಲೆ ನನ್ನ ಮೇಲೆ ಇಷ್ಟು ದೊಡ್ಡ ನಂಬಿಕೆ ಯಾರೂ ಇಟ್ಟಿರಲಿಲ್ಲ.

ಬುಧವಾರ ಫೋನು ಕಿರುಚಿದ ಕೂಡಲೇ ಡೇಕೇರಿಗೆ ರಜೆ ಹೇಳಿ ಸೆರಗು ಬಿಗಿದೆ, ಅಂದರೆ ಪ್ಯಾಂಟಿನ ಮೇಲೆ ವೇಲು ಬಿಗಿದೆ. ನೋಟ್‌ಬುಕ್ಕಿನಲ್ಲಿ ಇದ್ದಂತೆ ಕೊಳದ ಮೇಲೆ ಬಾಗಿದ್ದ ನಿಂಬೆಯ ಒಣರೆಂಬೆ ಕತ್ತರಿಸಿದೆ. ಕುರ್ಚಿ, ಮೇಜು, ಬಣ್ಣದ ಛತ್ರಿ ಗ್ಯಾರೇಜಿಗೆ ಹೋದವು. ನೀರಿನ ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಒಂದು ಬಾಯಿ ಕೊಳದ ಅಂಚಿನಲ್ಲಿರುತ್ತದೆ, ಅದರ ಬುಟ್ಟಿ ತೊಳೆದೆ. ಕ್ಲೋರಿನ್ನಿನ ಡಬ್ಬಿಗಳನ್ನು ಒಣ ಜಾಗದಲ್ಲಿ ಎತ್ತರಕ್ಕಿಟ್ಟೆ. ಮಳೆ ಶುರುವಾಗುವ ಮುಂಚೆ ನೀರು ತಿರುಗಿಸುವ ಮೋಟರಿನ ಕರೆಂಟು ತೆಗೆಯಬೇಕು ಎಂಬುದನ್ನು ಪಲ್ಲವಿ ಕೈಯಿಂದ ಬರೆಸಿ ಫ್ರಿಜ್ಜಿನ ಮೇಲೆ ಅಂಟಿಸಿದೆ.

ಪಟ್ಟಿಯ ಕೊನೆಯ ಸಾಲು ಹೀಗಿತ್ತು. ಮುಳುಗುವ ಪಂಪು ಇಟ್ಟು ನೀರನ್ನು ನಾಲ್ಕು ಇಂಚು ಇಳಿಸಿ, ಮಳೆ ನೀರಿಗೆ ಜಾಗ ಮಾಡಿ. ಹೊರಹೋಗುವ ನೀರಿನ ಪೈಪು ರಸ್ತೆಗಲ್ಲ, ಒಳಚರಂಡಿಯ ಬಾಯಿಗೆ.

ಇಲ್ಲಿ ನನ್ನೊಳಗಿನ ಅವ್ವ ಎದ್ದು ಕೂತಳು. ನಾಲ್ಕೇ ಇಂಚಾ? ಆಕಾಶದ ಹೊಳೆಯೇ ಬರುತ್ತಿದೆ, ಹಳೇ ನೀರಿನ ಮೇಲೆ ಅದನ್ನು ಹಿಡಿಯುವುದಾ? ಪಾಪ, ಆ ಪುಣ್ಯಾತ್ಮ ಗಂಡಸು, ತಳ ತಿಕ್ಕುವ ಕೆಲಸ ಅವರಿಗೇನು ಗೊತ್ತು. ಪೂರ್ತಿ ಬರಿದು ಮಾಡಿ, ಉಜ್ಜಿ, ಹೊಸ ಮಳೆ ನೀರು ತುಂಬಿಸಿ ತೀತಾ ಬರುವ ಹೊತ್ತಿಗೆ ಕನ್ನಡಿ ಹಾಗೆ ಇಡುತ್ತೇನೆ ಎಂದುಕೊಂಡೆ. ಹೇಳಿದ ಕೆಲಸಕ್ಕಿಂತ ಒಂದು ಕೈ ಹೆಚ್ಚೇ ಮಾಡುವುದು ನನ್ನ ಚಾಳಿ. ಪಂಪು ಹಚ್ಚಿದೆ.

ಸಂಜೆ ಕೆಲಸದಿಂದ ಬಂದ ಯಜಮಾನರು ಇಣುಕಿ ನೋಡಿದರು.

"ಅಲ್ಲ, ನಾಕ್ ಇಂಚ್ ಅಂತ ಬರದೈತಿ. ಇಷ್ಟ್ಯಾಕ ಇಳಿಸಾಕತ್ತಿ?"

"ನಿಮಗ ಗೊತ್ತಾಗಂಗಿಲ್ರಿ. ತೊಟ್ಟಿ ತೊಳ್ಯೂ ವಿಷಯ."

"ಒಂದ್ ಮಾತ ಆಕಿನ್ನ ಕೇಳ."

"ಆಪರೇಷನ್ ಆದವರನ್ನ ಇದಕ್ಕೆಲ್ಲಾ ಯಾಕ ಎಬ್ಬಿಸೂದು?"

ಅವರು ಒಳಗೆ ಹೋದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಎಲ್ಲಿ ಸುಮ್ಮನಾಗಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆ ದಿನ ಮಾತ್ರ ಸುಮ್ಮನಾಗಬಾರದಿತ್ತು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಕೊಳದ ಒಂದು ತುದಿಯಲ್ಲಿ ನೆಲ ಕಂಡಿತು, ಆಳದ ತುದಿಯಲ್ಲಿ ಮೊಣಕಾಲಿನಷ್ಟು ನೀರು ಉಳಿದಿತ್ತು. ಶಾಲೆಯಿಂದ ಬಂದ ಪಲ್ಲವಿಯ ಕೈಗೂ ಒಂದು ಬ್ರಷ್ ಕೊಟ್ಟು ಒಳಗಿಳಿದೆ. ಪಾಚಿಯ ಗೆರೆ ನನ್ನ ಕೈಗೆ ಸಿಕ್ಕು ಮಾಯವಾಗುತ್ತಿತ್ತು. ಸಂತೋಷ ತಡೆಯಲಾರದೆ ತೀತಾ ಅವರಿಗೆ ವಿಡಿಯೋ ಕಾಲ್ ಮಾಡಿದೆ. ಶಭಾಷ್ ಎನ್ನಲಿ ಎಂದು ಫೋನನ್ನು ಸುತ್ತ ತಿರುಗಿಸಿ ತೋರಿಸಿದೆ.

"ಪತಾಯ್!" ಎಂದು ಕೂಗಿದರು. ಸತ್ತೆವು ಎಂದರ್ಥ, ಅದು ಆಮೇಲೆ ತಿಳಿಯಿತು. ಮುಖ ನೋಡಿದರೆ ಅರ್ಥ ಬೇಕಾಗಿರಲಿಲ್ಲ.

"ಪಂಪು ನಿಲ್ಲಿಸು! ಮೊದಲು ಮೇಲೆ ಹತ್ತಿ ಪಂಪು ನಿಲ್ಲಿಸು!"

ನಿಲ್ಲಿಸಿದೆ. ಅವರು ಮಂಚದ ಪಕ್ಕದ ಮೇಜಿನ ಮೇಲೆ ಮುಖ ತೊಳೆಯುವ ಬೋಗುಣಿಯಲ್ಲಿ ನೀರು ಹಾಕಿಸಿಕೊಂಡು ಒಂದು ಪ್ಲಾಸ್ಟಿಕ್ ಲೋಟ ಎತ್ತಿ ಹಿಡಿದರು. ಖಾಲಿ ಲೋಟವನ್ನು ಬೋಗುಣಿಯಲ್ಲಿಟ್ಟರು, ತೇಲಿತು. ಬೆರಳಿನಿಂದ ಒತ್ತಿ ಬಿಟ್ಟರು, ಮೇಲಕ್ಕೆ ಬಂತು. ಲೋಟ ತುಂಬ ನೀರು ಹಾಕಿ ಇಟ್ಟರು, ತಳ ಕಚ್ಚಿ ಕೂತಿತು.

"ನಮ್ಮ ಕೊಳ ಒಂದೇ ಅಚ್ಚಿನ ಫೈಬರ್ ತೊಟ್ಟಿ, ಅನಾಕ್. ನೆಲದಲ್ಲಿ ಸುಮ್ಮನೆ ಕೂರಿಸಿದ್ದಾರೆ. ಹಿಂದಿನ ವಾರದ ಮಳೆಗೆ ಕೆಳಗಿನ ಮಣ್ಣು ಈಗಾಗಲೇ ನೆಂದಿದೆ. ನಾಳೆಯ ಮಳೆ ಬಿದ್ದರೆ ಮಣ್ಣೊಳಗಿನ ನೀರು ಇಡೀ ತೊಟ್ಟಿಯನ್ನು ಮೇಲಕ್ಕೆತ್ತುತ್ತೆ. ಅದನ್ನು ಹಿಡಿದಿಟ್ಟಿದ್ದೇ ಒಳಗಿದ್ದ ನೀರು."

ನನಗೆ ಗಣಿತ ಕಲಿಸಿ ಗೊತ್ತು, ವಿಜ್ಞಾನದ ಪುಸ್ತಕವೂ ಗೊತ್ತು. ಖಾಲಿ ಪಾತ್ರೆ ತೇಲುತ್ತದೆ ಎಂದು ಎಂಟನೆಯ ಇಯತ್ತೆಯ ಹುಡುಗರಿಗೆ ನಾನೇ ಬಕೆಟ್ಟಿನಲ್ಲಿ ಮಾಡಿ ತೋರಿಸಿದ್ದೆ. ಆದರೆ ನೆಲದ ಕೆಳಗೆ ನೀರು ಇರಬಹುದು ಎಂಬುದೇ ತಲೆಗೆ ಹೋಗಿರಲಿಲ್ಲ. ನಮ್ಮೂರಿನಲ್ಲಿ ನೂರಾರು ಅಡಿ ಬೋರು ಕೊರೆದರೂ ಧೂಳು ಬರುತ್ತದೆ. ತೊಟ್ಟಿಯ ಕೆಳಗಿಂದ ನೀರು ಎದ್ದು ಬರುವ ಊರು ಭೂಮಿಯ ಮೇಲೆ ಇದೆ ಎಂದು ನಾನು ಯಾಕೆ ಯೋಚಿಸುತ್ತೇನೆ?

ಕೊಳದ ಅಂಚಿನಲ್ಲಿ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಸಿಟ್ಟಿನಿಂದ ಅತ್ತೆ. ಪಲ್ಲವಿ ಬ್ರಷ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಮಮ್ಮಿ, ವಿ ಕ್ಯಾನ್ ಜಸ್ಟ್ ಫಿಲ್ ಇಟ್ ಬ್ಯಾಕ್, ರೈಟ್?"

ಸರಿಯಾದ ಮಾತು. ಎದ್ದೆ. ಹಿಂದಿನ ನಲ್ಲಿಗೆ ಒಂದು ಪೈಪು, ಮುಂಬಾಗಿಲ ನಲ್ಲಿಗೆ ಇನ್ನೊಂದು. ಎರಡನ್ನೂ ಕೊಳಕ್ಕೆ ಬಿಟ್ಟೆ. ಗಡಿಯಾರ ನೋಡಿಕೊಂಡು ಬಕೆಟ್ಟು ಹಿಡಿದು ಲೆಕ್ಕ ಹಾಕಿದೆ. ಎರಡು ಪೈಪು ಎಡೆಬಿಡದೆ ಹರಿದರೂ ಮಳೆ ಶುರುವಾಗುವ ಹೊತ್ತಿಗೆ ಅರ್ಧದ ಮೇಲೆ ಸ್ವಲ್ಪ ತುಂಬುತ್ತದೆ, ಅಷ್ಟೇ. ಬೇಕಾದಾಗ ತಿರುಗಿಸಿದರೆ ಬರುವ ನಲ್ಲಿ ಈ ದೇಶದ್ದು, ಆದರೆ ಅದರ ಧಾರೆ ನನ್ನ ಆತುರಕ್ಕೆ ಸಾಲುತ್ತಿರಲಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಕೊಳದ ಅಂಚಿಗೂ ಸುತ್ತಲಿನ ಕಾಂಕ್ರೀಟು ಕಟ್ಟೆಗೂ ನಡುವೆ ಒಂದು ಸಂದು ಇರುತ್ತದೆ. ಪಲ್ಲವಿಯ ಅಳಿಸದ ಪೆನ್ನು ತೆಗೆದುಕೊಂಡು ಆ ಸಂದಿನ ಈ ಕಡೆಯಿಂದ ಆ ಕಡೆಗೆ ನೇರ ಗೆರೆ ಎಳೆದೆ, ಕಟ್ಟೆಯ ಪಕ್ಕೆಯಿಂದ ಕೊಳದ ಪಕ್ಕೆಗೆ ಅಡ್ಡಲಾಗಿ. ತೊಟ್ಟಿ ಎದ್ದರೆ ಗೆರೆ ಎರಡು ತುಂಡಾಗುತ್ತದೆ. ನನಗೆ ಸುಳ್ಳು ಹೇಳಲಾಗದ ಒಂದು ಸಾಕ್ಷಿ ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಎದ್ದು ಮೊದಲು ಗೆರೆ ನೋಡಿದೆ, ನೆಟ್ಟಗಿತ್ತು. ನೀರು ಸೊಂಟದವರೆಗೆ ಬಂದಿತ್ತು. ಹತ್ತು ಗಂಟೆಗೆ, ಹೇಳಿದ್ದಕ್ಕಿಂತ ಮುಂಚೆಯೇ, ಆಕಾಶದ ಹೊಳೆ ಬಂದುಬಿಟ್ಟಿತು. ನಮ್ಮ ಕಡೆಯ ಮಳೆಗೆ ಗುಡುಗು ಸಿಡಿಲಿನ ಆರ್ಭಟ ಇರುತ್ತದೆ, ಇದಕ್ಕೆ ಅದೇನೂ ಇಲ್ಲ. ಸದ್ದಿಲ್ಲದೆ ಬಂದು, ಒಂದೇ ಹದದಲ್ಲಿ, ನಿಲ್ಲುವ ಯೋಚನೆಯೇ ಇಲ್ಲದಂತೆ ಸುರಿಯಿತು. ಹನ್ನೊಂದೂವರೆಗೆ ಕೊಡೆ ಹಿಡಿದು ಮಂಡಿಯೂರಿ ಗೆರೆ ನೋಡಿದೆ. ಕೊಳದ ಕಡೆಯ ತುಂಡು ಮೇಲಕ್ಕೆ ಸರಿದಿತ್ತು. ಹೆಚ್ಚಲ್ಲ, ಒಂದು ಅಕ್ಕಿಕಾಳಿನಷ್ಟು.

ಮನೆಯ ಕಡೆ ತಿರುಗಿದೆ. ಸೂರಿನ ನಾಲ್ಕು ಮೂಲೆಗಳಿಂದ ಇಳಿದ ಕೊಳವೆಗಳು ಮಾಳಿಗೆಯ ನೀರನ್ನೆಲ್ಲ ಭರ್ರನೆ ಹುಲ್ಲಿನ ಮೇಲೆ ಸುರಿಯುತ್ತಿದ್ದವು. ಆ ನೀರು ಹೋಗುತ್ತಿದ್ದುದು ಎಲ್ಲಿಗೆ? ಅದೇ ಮಣ್ಣೊಳಕ್ಕೆ, ನನ್ನ ತೊಟ್ಟಿಯ ತಳಕ್ಕೆ. ನನ್ನ ಶತ್ರುವಿಗೆ ನಮ್ಮ ಮನೆಯೇ ಸಹಾಯ ಮಾಡುತ್ತಿತ್ತು.

ಅಂದು ಬೇಗ ಪಾಳಿ ಮುಗಿಸಿ ಯಜಮಾನರು ಆಗ ತಾನೇ ಕಾರು ನಿಲ್ಲಿಸುತ್ತಿದ್ದರು. ಇಳಿಯಲು ಬಿಡಲಿಲ್ಲ.

"ಇಳೀಬ್ಯಾಡ್ರಿ! ಹಾರ್ಡ್‌ವೇರ್ ಅಂಗಡಿಗೆ ಹೋಗ್ರಿ. ಈ ಕೊಳವಿ ಬಾಯಿಗೆ ಕೂಡೂ ಉದ್ದನ್ನ ಕರೀ ಪೈಪ್ ತಗೊಂಡ ಬರ್ರಿ, ನಾಕು!"

"ಯಾಕ?"

"ಮಾಳಗಿ ನೀರು ತೊಟ್ಟಿಗೆ ತರೂದೈತಿ!"

ಅವರು ಗದಗಿನವರೇ. ಮತ್ತೆ ಯಾಕೆ ಎಂದು ಕೇಳಲಿಲ್ಲ, ಕಾರು ತಿರುಗಿಸಿದರು.

ನಾಲ್ಕು ಪೈಪು ಸಿಕ್ಕಿಸಿ, ಕಲ್ಲು ಹೇರಿ, ಇಳಿಜಾರು ನೋಡಿ, ನಾಲ್ಕನ್ನೂ ಕೊಳದ ಅಂಚಿಗೆ ತಂದೆವು. ಮಳೆಗೆ ಶಾಲೆ ಬೇಗ ಬಿಟ್ಟಿದ್ದರಿಂದ ಪಲ್ಲವಿಯೂ ಬಂದಳು. ಮೊದಲ ಪೈಪಿನಿಂದ ನೀರಿನ ಜೊತೆ ವರ್ಷದ ಎಲೆ, ಹಕ್ಕಿಗರಿ, ಮರಳು ಎಲ್ಲ ಬಂತು. ಊರಿನಲ್ಲಾದರೆ ಬಟ್ಟೆ ಕಟ್ಟುತ್ತಿದ್ದೆವು. ಓಡಿಹೋಗಿ ಕೈಗೆ ಸಿಕ್ಕ ತೆಳ್ಳನೆಯ ಬಟ್ಟೆ ತಂದು ನಾಲ್ಕು ತುಂಡು ಮಾಡಿದೆ.

"ಏ, ಅದು ನನ್ನ ಪೂಜಾದ ಧೋತ್ರ!" ಎಂದು ಯಜಮಾನರು ಕೂಗಿದರು.

"ಇದೂ ಪೂಜಾನ ತಿಳಕೋರಿ. ಹಿಡೀರಿ ಬಾಯಿ!"

ಪಕ್ಕದ ಮನೆಯವರು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ಮಾಮೂಲಿ ದಿನವಾಗಿದ್ದರೆ ಪಲ್ಲವಿ ನಾಚಿಕೆಯಿಂದ ಒಳಗೆ ಓಡುತ್ತಿದ್ದಳು. ಆದರೆ ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು, ಎರಡೂ ಕೈಯಲ್ಲಿ ಪೈಪು ಅಪ್ಪಿಕೊಂಡಿದ್ದಳು. "ಪಪ್ಪಾ, ಧೋತ್ರ ಜಾರಾಕತ್ತೈತಿ, ಗಟ್ಟಿ ಕಟ್ರಿ!" ಎಂದಳು. ಮಗಳ ಬಾಯಿಯಿಂದ ಅಷ್ಟುದ್ದದ ಕನ್ನಡ ನಾನು ಕೇಳಿ ತಿಂಗಳುಗಳೇ ಆಗಿದ್ದವು. ಅದು ಅಚ್ಚ ಗದಗಿನ ಕನ್ನಡ, ನನ್ನದೇ ರಾಗದಲ್ಲಿ. ಹೊಗಳಿದರೆ ನಿಲ್ಲಿಸಿಬಿಡುತ್ತಾಳೆಂದು ಏನೂ ಹೇಳಲಿಲ್ಲ.

ನಾಲ್ಕು ಧಾರೆಗಳು ಕೊಳಕ್ಕೆ ದುಮುಕತೊಡಗಿದವು. ಮಣ್ಣೊಳಗೆ ಇಳಿದು ತೊಟ್ಟಿಯನ್ನು ಎತ್ತಬೇಕಿದ್ದ ನೀರು ಈಗ ಅದರ ಹೊಟ್ಟೆಯೊಳಗೆ ಕೂತು ಅದನ್ನು ಒತ್ತಿ ಹಿಡಿಯುತ್ತಿತ್ತು. ಗಂಟೆಗೊಮ್ಮೆ ಗೆರೆ ನೋಡಿದೆ. ಒಂದು ಅಕ್ಕಿಕಾಳು, ಮತ್ತೆ ಅದೇ ಒಂದು ಅಕ್ಕಿಕಾಳು. ಸಂಜೆ ಐದಕ್ಕೆ ನೀರು ಎದೆಯ ಮಟ್ಟ ದಾಟಿತು. ಗೆರೆ ಅಲ್ಲಿಂದ ಮುಂದೆ ಸರಿಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿತ್ತು. ಕೊಳ ಅಂಚಿನ ನೀಲಿ ಬಿಲ್ಲೆಗಳವರೆಗೆ ತುಂಬಿ ನಿಂತಿತ್ತು. ರಸ್ತೆಯಲ್ಲಿ ಎರಡು ಮರ ಉರುಳಿದ್ದವು, ಒಬ್ಬರ ಬೇಲಿ ಇನ್ನೊಬ್ಬರ ಅಂಗಳದಲ್ಲಿ ಮಲಗಿತ್ತು. ನನ್ನ ಕೊಳ ಮಾತ್ರ ಏನೂ ಆಗಿಲ್ಲವೆಂಬಂತೆ ಕೂತಿತ್ತು. ಕಟ್ಟೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಅದನ್ನು ನೋಡಿದೆ. ಈ ದೇಶದಲ್ಲಿ ಡ್ರೈವಿಂಗ್ ಪರೀಕ್ಷೆ ಪಾಸಾದಾಗಲೂ, ಮೊದಲ ಸಂಬಳ ಬಂದಾಗಲೂ ಇಷ್ಟು ಬೀಗಿರಲಿಲ್ಲ. ಕಾಪಾಡಿದ್ದು ಇಲ್ಲಿ ಕಲಿತ ವಿದ್ಯೆಯಲ್ಲ, ನಮ್ಮ ಅಂಗಳದ ತೊಟ್ಟಿಯ ವಿದ್ಯೆ. ಕೆಡಿಸಿದ್ದೂ ಅದೇ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆದರೆ ಆ ಅಕ್ಕಿಕಾಳು ಹಾಗೆಯೇ ಉಳಿದಿತ್ತು. ನೀರು ತುಂಬಿದರೂ ತೊಟ್ಟಿ ಮತ್ತೆ ಮೊದಲಿನ ಜಾಗಕ್ಕೆ ಇಳಿಯಲಿಲ್ಲ. ಗೆರೆ ಒರೆಸಿಬಿಟ್ಟರೆ ಯಾರಿಗೂ ಕಾಣುವಂತಿರಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಆ ಪೆನ್ನು ಹೋಗುತ್ತದೆ ಎಂದು ಯಜಮಾನರು ಹೇಳಿದರು. ತೀತಾ ಬರುವವರೆಗೆ ನಾಲ್ಕು ದಿನ ಸ್ಪಿರಿಟ್ಟಿನ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ದಿನವೂ ಅದನ್ನು ನೋಡುತ್ತಿದ್ದೆ. ಇದು ಎಡವಟ್ಟಿನ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ಮಗನಿಗೆ ತಿಳಿದರೆ ಏನನ್ನುತ್ತಾನೋ. ಮತ್ತೆ ಡಬ್ಬಿ ಕಟ್ಟಿಕೊಂಡು ಇನ್ನೊಂದು ಅಪಾರ್ಟ್‌ಮೆಂಟು, ಮತ್ತೆ ಚಾವಣಿ ಕುಟ್ಟುವವರು ಎಂದು ನೆನೆದರೆ ಊಟ ಸೇರುತ್ತಿರಲಿಲ್ಲ.

ಬುಧವಾರ ಸಂಜೆ ತೀತಾ ವಾಕರ್ ಹಿಡಿದು ಹಿತ್ತಲಿಗೆ ಬಂದರು. ಮೊದಲು ಕೊಳ ನೋಡಿದರು, ಆಮೇಲೆ ಇನ್ನೂ ಒಣಗದ ಧೋತ್ರದ ತುಂಡುಗಳನ್ನು ನೋಡಿದರು. ನಾನು ಕುರ್ಚಿ ಹಾಕಿ ಕೂರಿಸಿ, ಅಂಚಿನ ಹತ್ತಿರ ಬಾಗಿ ಗೆರೆಯ ಮೇಲೆ ಬೆರಳಿಟ್ಟೆ.

"ತೀತಾ, ಇಲ್ಲಿ ಸ್ವಲ್ಪ ಎದ್ದಿದೆ. ನನ್ನಿಂದಲೇ. ನಿಮ್ಮ ಮಗನಿಗೆ ನಾನೇ ಹೇಳಬೇಕು ಅಂದರೂ ಸರಿ."

ತೀತಾ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ನಂತರ ವಾಕರಿನ ಕಾಲಿನಿಂದ ಕೊಳದ ಆಚೆ ತುದಿ ತೋರಿಸಿದರು.

"ಆ ಮೂಲೆಯ ಕಟ್ಟೆ ನೋಡು."

ಹೋಗಿ ನೋಡಿದೆ. ಅಲ್ಲಿ ಕಟ್ಟೆಗೂ ಕೊಳದ ಅಂಚಿಗೂ ನಡುವೆ ಹೆಬ್ಬೆರಳಿನಷ್ಟು ಏರುಪೇರು. ಸಿಮೆಂಟು ಮೆತ್ತಿ ನಯ ಮಾಡಿದ್ದರು. ಮೂರು ವರ್ಷದಿಂದ ಅದರ ಮೇಲೇ ಓಡಾಡಿದ್ದೆ, ಕಟ್ಟಿದ್ದೇ ಹಾಗೆಂದು ತಿಳಿದಿದ್ದೆ.

"ನನ್ನ ಗಂಡ" ಎಂದರು ತೀತಾ. "ಈ ಮನೆಗೆ ಬಂದ ಮೊದಲ ಚಳಿಗಾಲ. ತೊಳೆದು ಬಿಡ್ತೀನಿ ಅಂತ ಖಾಲಿ ಮಾಡಿದ. ನೀನು ಅಕ್ಕಿಕಾಳು, ಅವನು ಹೆಬ್ಬೆರಳು."

"ಮತ್ತೆ ನೋಟ್‌ಬುಕ್ಕಿನಲ್ಲಿ ಅದನ್ನು ಯಾಕೆ ಬರೆಯಲಿಲ್ಲ?"

"ಬರೀತಾನಾ? ಅವನ ಜಂಬ ಎಷ್ಟಿತ್ತು ಗೊತ್ತಾ? ನಮ್ಮ ಮಗನಿಗೂ ಇವತ್ತಿಗೂ ಗೊತ್ತಿಲ್ಲ." ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಗಂಡನನ್ನು ನೆನೆದು ಬಂದದ್ದೂ ಇರಬಹುದು. "ಹೋಗು, ಪುಸ್ತಕ ತಾ. ನೀನು ಬರೆ."

ಪಟ್ಟಿಯ ಕೆಳಗೆ, ಅವರ ಗಂಡನ ಅಕ್ಷರ ಮತ್ತು ಅವರ ಅಕ್ಷರ ಮುಗಿದಲ್ಲಿ, ಪೆನ್ನು ಹಿಡಿದು ಕೂತೆ. ಇಂಗ್ಲಿಷಿನಲ್ಲಿ ಬರೆಯಲು ಶುರುಮಾಡಿ ನಿಲ್ಲಿಸಿದೆ. ಇದು ನನ್ನ ತಪ್ಪು, ನನ್ನ ಲಿಪಿಯಲ್ಲೇ ಇರಲಿ ಅನ್ನಿಸಿತು. "ಎಷ್ಟೇ ಹೊಸ ನೀರು ಬರಲಿ, ಹಳೇ ನೀರನ್ನು ಪೂರ್ತಿ ಖಾಲಿ ಮಾಡಬಾರದು. ಅದೇ ತೊಟ್ಟಿಯನ್ನು ನೆಲದಲ್ಲಿ ಹಿಡಿದಿಡುವುದು. ಮಳೆ ಜೋರಾದರೆ ಸೂರಿನ ನಾಲ್ಕು ಪೈಪು, ಬಾಯಿಗೆ ಧೋತ್ರ" ಎಂದು ಬರೆದು, ಕೆಳಗೆ ಶೈಲಾ, ಗದಗ ಎಂದು ಹಾಕಿದೆ. ತೀತಾ ಪುಸ್ತಕ ಕಣ್ಣಿನ ಹತ್ತಿರ ತಂದು ನಮ್ಮ ದುಂಡನೆಯ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಚೆನ್ನಾಗಿದೆ. ಆದರೆ ಇದನ್ನು ನನ್ನ ಮಗ ಓದಲಾರ, ನಾನೂ ಓದಲಾರೆ. ಓದೋಕಾದರೂ ನೀನು ಇಲ್ಲೇ ಇರಬೇಕಾಗುತ್ತೆ, ಅನಾಕ್. ಅವನಿಗೆ ಹಾಗೇ ಹೇಳ್ತೀನಿ."

ಮನೆಯೊಳಗೆ ಬಂದೆ. ಸಂತೋಷ ಹೇಳಿಕೊಳ್ಳಲು ಅವ್ವನಿಗೆ ಫೋನು ಹಚ್ಚಿದೆ. ಅಲ್ಲಿ ಆಗ ತಾನೇ ಬೆಳಗಾಗುತ್ತಿತ್ತು. ನೀರು ಬೀಳುವ ಸದ್ದು ಜೋರಾಗಿ ಕೇಳಿತು. ಕೊಳದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಇನ್ನು ಈ ಮನೆ ಬಿಡಬೇಕಾಗಿಲ್ಲ ಎಂದೆ.

"ಛಲೋ ಆತ ಬಿಡ" ಎಂದಳು ಅವ್ವ. "ನಲ್ಲಿ ಬಂದಾವು, ಆಮ್ಯಾಲ ಮಾತಾಡ್ತೀನಿ. ನಿನ್ನ ಕೊಡಾ ತುಂಬೂದೈತಿ."

"ನನ್ನ ಕೊಡ ಇನ್ನೂ ತುಂಬ್ತಿಯೇನ?"

"ಮತ್ತ? ಪ್ರತಿ ಸಲ ತುಂಬತೀನಿ. ನಾಕ್ ವರ್ಷಕ್ಕ ಬರ್ತೀನಿ ಅಂದಿದ್ದಿಯಲ್ಲಾ, ಖಾಲಿ ಇಟ್ಟರ ಹೆಂಗ?"

ಫೋನು ಇಟ್ಟೆ. ಕಿಟಕಿಯಾಚೆ ತೀತಾ ಕೊಳದ ಪಕ್ಕದಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ತಮಗೆ ಓದಲು ಬಾರದ ಆ ನಾಲ್ಕು ಸಾಲುಗಳನ್ನು ಇನ್ನೂ ನೋಡುತ್ತಿದ್ದರು.